ಅಕ್ಕೋರೇ, ಬೀದಿಯಲ್ಲಿ ಕರಾಟೆ ಕೆಲಸ ಮಾಡುತ್ತದಾ?

ಕಾರವಾರದಲ್ಲಿ ನಾನು ಕರಾಟೆ ಕಲಿಸಲು ಶುರು ಮಾಡಿ ಇಪ್ಪತ್ತೇಳು ವರ್ಷ ಆಯಿತು. ಜಪಾನಿನವರ ಪದ್ಧತಿಯಂತೆ ಮಕ್ಕಳು ನನ್ನನ್ನು ಸೆನ್ಸೈ ಅನ್ನಬೇಕು. ನಮ್ಮ ಮಕ್ಕಳು ಅಕ್ಕೋರು ಅನ್ನುತ್ತಾರೆ. ನಾನೂ ತಿದ್ದಲಿಕ್ಕೆ ಹೋಗಿಲ್ಲ. ಓದುಗರ ಪ್ರಶ್ನೆಗಳನ್ನು ರಾಶಿ ಹಾಕಿ ನೋಡಿದರೆ ಎಲ್ಲಾ ಅವೇ. ಒಂದೇ ಮಾತು ಹೇಳಿ ಹೇಳಿ ಬೇಜಾರು ಬಂದಿದೆ. ಹಾಗಾಗಿ ಈ ಸಲ ಒಂದಕ್ಕೆ ಉದ್ದ ಉತ್ತರ, ಉಳಿದವಕ್ಕೆ ಚುಟುಕಾಗಿ. ದಿನಾ ಅಭ್ಯಾಸ ಮಾಡಿ, ನೀರು ಕುಡಿಯಿರಿ ಅಂತೆಲ್ಲ ಬರೆಯುವುದಿಲ್ಲ. ಅದು ನಿಮಗೇ ಗೊತ್ತು.

ಪ್ರಶ್ನೆ: ಬ್ಲ್ಯಾಕ್ ಬೆಲ್ಟ್ ಬಂದ ಮೇಲೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಬೇಕಂತೆ, ಹೌದಾ? (ಅಂಕೋಲಾ)

ಇಲ್ಲ. ಇಷ್ಟು ವರ್ಷದಲ್ಲಿ ಯಾವ ಠಾಣೆಯಲ್ಲೂ ಅಂಥ ರಿಜಿಸ್ಟರ್ ನೋಡಿಲ್ಲ.

ಪ್ರಶ್ನೆ: ಕಿವಿಯ ಹಿಂದಿನ ಮರ್ಮಸ್ಥಾನ ಒತ್ತಿದರೆ ಎಂಥ ಧಡಿಯನೂ ಮೂರ್ಛೆ ಹೋಗುತ್ತಾನೆ ಎಂದು ಗುರುಗಳೊಬ್ಬರು ವಿಡಿಯೋದಲ್ಲಿ ತೋರಿಸಿದ್ದಾರೆ. ನೀವು ಕಲಿಸುತ್ತೀರಾ? (ಹೊನ್ನಾವರ)

ಆ ವಿಡಿಯೋದಲ್ಲಿ ಮೂರ್ಛೆ ಹೋದವನು ಯಾರು? ಅವರದೇ ಶಿಷ್ಯ. ಮುಟ್ಟಿದ ಕೂಡಲೇ ಬೀಳದಿದ್ದರೆ ಮುಂದಿನ ಬೆಲ್ಟ್ ಸಿಗಲಿಕ್ಕಿಲ್ಲ ಅಂತ ಅವನಿಗೆ ಗೊತ್ತು. ಕಣ್ಣು, ಗಂಟಲು, ಮೊಣಕಾಲಿನ ಚಿಪ್ಪು ಇವೆಲ್ಲ ನಾಜೂಕು ಜಾಗಗಳೇ, ಸುಳ್ಳಲ್ಲ. ಆದರೆ ಎದುರಿನವನು ಅಲ್ಲಾಡುತ್ತಾನೆ, ನಿಮ್ಮ ಕೈ ನಡುಗುತ್ತದೆ. ಒಂದು ರೂಪಾಯಿ ನಾಣ್ಯದಷ್ಟು ಜಾಗ ಹುಡುಕಿ ಒತ್ತುವ ಪುರುಸೊತ್ತು ಯಾರು ಕೊಡುತ್ತಾರೆ? ಆ ಗುರುಗಳು ಕಾರವಾರಕ್ಕೆ ಬರಲಿ. ಕಿವಿ ಕೊಡುತ್ತೇನೆ. ಸುಮ್ನೆ ನಿಂತು ಮಾತ್ರ ಇರುವುದಿಲ್ಲ.

ಪ್ರಶ್ನೆ: ಮಗಳು ಐದು ವರ್ಷದಿಂದ ಕರಾಟೆ ಕ್ಲಾಸಿಗೆ ಹೋಗುತ್ತಿದ್ದಾಳೆ. ಬ್ರೌನ್ ಬೆಲ್ಟ್, ಸ್ಪರ್ಧೆಯಲ್ಲಿ ಎರಡು ಪದಕವೂ ಬಂದಿದೆ. ಈ ವರ್ಷದಿಂದ ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ನಿಜವಾಗಿ ಯಾರಾದರೂ ಮೈಮೇಲೆ ಬಂದರೆ ಇದು ಉಪಯೋಗಕ್ಕೆ ಬರುತ್ತದಾ? ಇಲ್ಲಾ ಫೀ ಕಟ್ಟಿದ್ದು ದಂಡವಾ? (ತಂದೆಯೊಬ್ಬರು, ಕುಮಟಾ)

ದಂಡ ಅಲ್ಲ. ಆದರೆ ನೀವು ಅಂದುಕೊಂಡ ರೀತಿಯಲ್ಲಿ ಉಪಯೋಗಕ್ಕೆ ಬರುವುದೂ ಇಲ್ಲ. ಮೊದಲು ನನ್ನದೇ ಕತೆ ಕೇಳಿ.

ಆಗ ನನಗೆ ಹದಿನಾಲ್ಕು ವರ್ಷದ ಕರಾಟೆ ಆಗಿತ್ತು, ಎರಡನೇ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟಿನಲ್ಲಿ ಎರಡನೇ ದರ್ಜೆ. ಸಂಜೆ ಏಳರ ಹೊತ್ತಿಗೆ ಕೋಡಿಬಾಗದ ಕಡೆ ನಡೆದು ಹೋಗುತ್ತಿದ್ದೆ. ಕೈಯಲ್ಲಿ ಬಂಗಡೆ ಚೀಲ. ಒಬ್ಬ ಹುಡುಗ ಎದುರಿಗೆ ಬಂದು "ಅಕ್ಕಾ, ಬೈತಖೋಲಕ್ಕೆ ಯಾವ ದಾರಿ?" ಅಂದ. ಸ್ವಲ್ಪ ಆಚೆ ಇನ್ನೊಬ್ಬ ಬೈಕಿನ ಮೇಲೆ ಕೂತಿದ್ದ, ಇಂಜಿನ್ ಬಂದ್ ಮಾಡಿರಲಿಲ್ಲ. ಅದು ನನ್ನ ಕಿವಿಗೆ ಬಿದ್ದಿತ್ತು. ದಾರಿ ಕೇಳುವವನು ಇಷ್ಟು ಹತ್ತಿರ ಯಾಕೆ ಬಂದ ಅಂತಲೂ ಅನಿಸಿತ್ತು. ಆದರೂ ನಿಂತೆ. ಕೈಯೆತ್ತಿ ದಾರಿ ತೋರಿಸಿದೆ. ಅವನು ಕೊರಳಿಗೆ ಕೈ ಹಾಕಿ ಸರ ಎಳೆದ. ಅರ್ಧ ಅವನ ಕೈಗೆ ಹೋಯಿತು, ಅರ್ಧ ನನ್ನ ರವಿಕೆಯೊಳಗೆ ಬಿತ್ತು. ಬೈಕ್ ಹೊರಟೇ ಹೋಯಿತು. ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆ ಗೊತ್ತಾ? ಬಂಗಡೆ ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತಿದ್ದೆ. ಎರಡನೇ ಡಾನ್!

ಮನೆಗೆ ಬಂದು ಅತ್ತೆ. ಸರಕ್ಕಲ್ಲ, ಸಿಟ್ಟಿಗೆ. ಆಮೇಲೆ ಎಷ್ಟೋ ದಿನ ಅದನ್ನೇ ಮೆಲುಕು ಹಾಕಿದೆ. ಹಿಂದೆ ಯಾಕೆ ಸರಿಯಲಿಲ್ಲ? ಮರ್ಯಾದೆಗೆ ಅಂಜಿ. ಪಾಪ, ದಾರಿ ಕೇಳಿದವನಿಂದ ದೂರ ಸರಿದರೆ ಏನಂದುಕೊಳ್ಳುತ್ತಾನೋ ಅಂತ. ಕೈ ಯಾಕೆ ಏಳಲಿಲ್ಲ? ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಚೀಲ ಹಿಡಿದುಕೊಂಡು ಅಭ್ಯಾಸ ಮಾಡಿರಲಿಲ್ಲ. ಹೇಳದೆ ಕೇಳದೆ ಯಾರೂ ಮೈಮೇಲೆ ಬಂದಿರಲಿಲ್ಲ. ಕ್ಲಾಸಿನಲ್ಲಿ ಮೊದಲು ಬಗ್ಗಿ ನಮಸ್ಕಾರ, ಆಮೇಲೆ "ಹಾಜಿಮೆ" (ಶುರು ಮಾಡಿ), ಆಮೇಲೆ ಹೊಡೆತ. ಬೀದಿಯಲ್ಲಿ ಯಾರೂ ಹಾಜಿಮೆ ಹೇಳುವುದಿಲ್ಲ ಅಲ್ವಾ?

ಗಾಬರಿಯಾದಾಗ ಮೈಯೊಳಗೆ ಅಡ್ರಿನಲಿನ್ ನುಗ್ಗುತ್ತದೆ. ಎದೆ ಡವಡವ ಅನ್ನುತ್ತದೆ, ಬೆರಳು ಮಾತು ಕೇಳುವುದಿಲ್ಲ, ಅಕ್ಕಪಕ್ಕದ್ದು ಕಣ್ಣಿಗೆ ಕಾಣುವುದಿಲ್ಲ. ಕೆಲವರು ಓಡುತ್ತಾರೆ, ಕೆಲವರು ಹೊಡೆಯುತ್ತಾರೆ, ಕೆಲವರು ನನ್ನ ಹಾಗೆ ಕಲ್ಲಾಗಿ ನಿಲ್ಲುತ್ತಾರೆ. ಮೂವತ್ತು ಪಟ್ಟಿನಲ್ಲಿ ಯಾವುದು ಅಂತ ಆರಿಸಲು ಆಗ ತಲೆ ಓಡುವುದಿಲ್ಲ. ಆಯ್ಕೆ ಜಾಸ್ತಿಯಾದಷ್ಟೂ ಪ್ರತಿಕ್ರಿಯೆ ತಡವಾಗುತ್ತದೆ ಎಂದು ಮನಃಶಾಸ್ತ್ರದವರು 1952ರಲ್ಲೇ ಅಳೆದು ತೋರಿಸಿದ್ದಾರೆ. ಮೈ ತಾನು ಸಾವಿರ ಸಲ ಮಾಡಿದ್ದನ್ನೇ ಮಾಡುತ್ತದೆ.

ಹಾಗಾದರೆ ನಿಮ್ಮ ಮಗಳು ಸಾವಿರ ಸಲ ಮಾಡಿದ್ದೇನು? ಪದಕ ಕಟಾದಲ್ಲಿ, ಅಂದರೆ ಎದುರಾಳಿಯಿಲ್ಲದೆ ಒಬ್ಬಳೇ ಮಾಡಿ ತೋರಿಸುವ ಪಟ್ಟುಗಳಲ್ಲಿ ಬಂದಿದ್ದರೆ, ಗಾಳಿಯ ಜೊತೆ ಹೊಡೆದಾಡಿದ್ದಾಳೆ. ನಮ್ಮ ಬಡಗುತಿಟ್ಟಿನ ಯಕ್ಷಗಾನದಲ್ಲಿ ಮಂಡಿ ಹಾಕುವವರನ್ನು ನೋಡಿದ್ದೀರಿ. ಆ ಕಾಲಿನ ಕಸುವು, ಆ ದಮ್ಮು ಸುಳ್ಳಲ್ಲ. ಹಾಗಂತ ರಂಗದ ಮೇಲಿನ ಯುದ್ಧ ಯುದ್ಧವಲ್ಲ. ಕಟಾವೂ ಹಾಗೇ. ಪದಕ ಕುಮಿಟೆಯಲ್ಲಿ, ಅಂದರೆ ಇಬ್ಬರ ಸೆಣಸಾಟದಲ್ಲಿ ಬಂದಿದ್ದರೆ ಸ್ವಲ್ಪ ವಾಸಿ, ಎದುರಿಗೊಬ್ಬ ಮನುಷ್ಯ ಇರುತ್ತಾನೆ. ಆದರೆ ಅಲ್ಲಿ ಒಂದು ಹೊಡೆತ ತಾಗಿದ ಕೂಡಲೇ ರೆಫರಿ "ಯಾಮೆ" (ನಿಲ್ಲಿಸಿ) ಅನ್ನುತ್ತಾರೆ. ಪಾಯಿಂಟ್ ಒಂದೋ ಎರಡೋ ಮೂರೋ ಬರೆದುಕೊಳ್ಳುತ್ತಾರೆ. ಮುಖಕ್ಕೆ ಜೋರಾಗಿ ತಾಗಿದರೆ ಹೊಡೆದವಳಿಗೇ ಶಿಕ್ಷೆ. ಐದು ವರ್ಷ ಹೀಗೆ ಕಲಿತವಳ ಮುಷ್ಟಿ ಮೂಗಿನ ಹತ್ತಿರ ಹೋಗಿ ತಾನಾಗಿ ನಿಲ್ಲುತ್ತದೆ. ಆಟಕ್ಕೆ ಅದು ಬೇಕು. ಬೀದಿಗೆ ಬೇಡ.

ಯಾವ ವಿದ್ಯೆ ಒಳ್ಳೆಯದು, ಕರಾಟೆಯಾ ಟೇಕ್ವಾಂಡೋನಾ ಅಂತ ಜಗಳ ಮಾಡುವವರಿಗೆ ನಾನು ಕೇಳುವುದು ಒಂದೇ: ನಿಮ್ಮ ಕ್ಲಾಸಿನಲ್ಲಿ ಎದುರಿನವನು ಬಿಡದೆ ಸೆಣಸುತ್ತಾನಾ? ಜಿಗೋರೊ ಕಾನೊ 1882ರಲ್ಲಿ ಜೂಡೋ ಕಟ್ಟುವಾಗ ಅಪಾಯದ ಪಟ್ಟುಗಳನ್ನು ಬದಿಗಿಟ್ಟು, ಉಳಿದದ್ದನ್ನು ಪೂರ್ತಿ ಬಲ ಹಾಕಿ ಸೆಣಸಾಡಲು ಬಿಟ್ಟರು. ಗುಟ್ಟು ಅಲ್ಲೇ ಇದೆ. ಹಳಿಯಾಳದ ಗರಡಿಯ ಹುಡುಗನನ್ನೇ ನೋಡಿ. ಅವನಿಗೆ ಒಂದು ಜಪಾನಿ ಶಬ್ದವೂ ಬರುವುದಿಲ್ಲ. ಆದರೆ ದಿನಾ ಸಂಜೆ ಯಾರೋ ಒಬ್ಬರು ಅವನನ್ನು ನಿಜವಾಗಿ ಕೆಡವಲು ನೋಡುತ್ತಾರೆ. ಎರಡು ವರ್ಷ ಕುಸ್ತಿ ಆಡಿದ ಅವನನ್ನು ದೂಡಿ ಬೀಳಿಸುವುದು ನನ್ನ ಕೆಲವು ಬ್ಲ್ಯಾಕ್ ಬೆಲ್ಟ್‌ಗಳನ್ನು ಬೀಳಿಸುವುದಕ್ಕಿಂತ ಕಷ್ಟ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ. ಬೇರೆ ಬೇರೆ ವಿದ್ಯೆಯವರು ಪಂಜರದೊಳಗೆ ಸೆಣಸುವ ಯುಎಫ್‌ಸಿ ಪಂದ್ಯ 1993ರಲ್ಲಿ ಮೊದಲ ಸಲ ನಡೆದಾಗ, ಬ್ರೆಜಿಲಿನ ತೆಳ್ಳಗಿನ ರಾಯ್ಸ್ ಗ್ರೇಸಿ ತನಗಿಂತ ದೊಡ್ಡ ಆಳುಗಳನ್ನು ನೆಲಕ್ಕೆ ಎಳೆದು ಗೆದ್ದದ್ದೂ ಇಂಥ ಅಭ್ಯಾಸದಿಂದಲೇ. ಹಾಗಂತ ಡಾಂಬರು ರಸ್ತೆಯಲ್ಲಿ ಯಾರನ್ನೂ ಹಿಡಿದುಕೊಂಡು ಉರುಳಾಡಬೇಡಿ. ಪಂಜರದೊಳಗೆ ಎದುರಾಳಿಯ ಗೆಳೆಯ ಬಂದು ನಿಮ್ಮ ತಲೆಗೆ ಒದೆಯುವುದಿಲ್ಲ.

ಇನ್ನು ನೀವು ಕೇಳದ ಮಾತಿಗೆ ಬರುತ್ತೇನೆ. "ಯಾರಾದರೂ ಮೈಮೇಲೆ ಬಂದರೆ" ಅಂದಿರಲ್ಲ, ಆ ಯಾರೋ ಯಾರು? ಕತ್ತಲಲ್ಲಿ ಮರದ ಹಿಂದೆ ನಿಂತ ಅಪರಿಚಿತ ಅಂತ ಎಲ್ಲ ತಂದೆಯರೂ ಅಂದುಕೊಳ್ಳುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಗಳನ್ನು ತೆಗೆದು ನೋಡಿ. ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಆರೋಪಿಗಳು ಗುರುತಿನವರೇ. ನೆಂಟ, ನೆರೆಯವ, ಗೆಳೆಯ, ಕೆಲಸ ಕೊಟ್ಟವ. ಅವರ ಮುಂದೆ ನಿಮ್ಮ ಮಗಳು ಯಾವ ಸ್ಟ್ಯಾನ್ಸ್ ಹಾಕುತ್ತಾಳೆ? ಅಲ್ಲಿ ಸೋಲುವುದು ಕಾಲಲ್ಲ, ಬಾಯಿ.

ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ 893 ವಿದ್ಯಾರ್ಥಿನಿಯರ ಮೇಲೆ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಹುಡುಗಿಯರಿಗೆ ಒಟ್ಟು 12 ಗಂಟೆಯ ತರಬೇತಿ. ಹೊಡೆಯುವುದು, ಬಿಡಿಸಿಕೊಳ್ಳುವುದು ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ಗುರುತಿನವನ ನಡವಳಿಕೆಯಲ್ಲಿ ಅಪಾಯ ಗುರುತಿಸುವುದು, ಸಂಕೋಚ ಬಿಟ್ಟು ಬೇಡ ಅನ್ನುವುದು. ಒಂದು ವರ್ಷದೊಳಗೆ ಅತ್ಯಾಚಾರಕ್ಕೆ ಒಳಗಾದವರು ತರಬೇತಿ ಪಡೆದವರಲ್ಲಿ ನೂರಕ್ಕೆ 5.2, ಪಡೆಯದವರಲ್ಲಿ 9.8. ಹೆಚ್ಚುಕಡಿಮೆ ಅರ್ಧ. ಇದನ್ನು ಓದಿದ ದಿನ ನನಗೆ ಇರುಸುಮುರುಸಾಯಿತು. ಮೂರು ದಿನದ ಆತ್ಮರಕ್ಷಣೆ ಶಿಬಿರ ಅಂದರೆ ಬರೀ ಫೋಟೋಕ್ಕೆ ಅಂತ ಬೈಯುತ್ತಿದ್ದವಳು ನಾನು. ಈಗಲೂ ಬೈಯುತ್ತೇನೆ, ಆದರೆ ಮೂರು ದಿನ ಅಂತಲ್ಲ. ಆ ಮೂರು ದಿನವೂ ಬರೀ ಹೆಂಚು ಒಡೆಸುತ್ತಾರೆ ಅಂತ.

ಓಬವ್ವನ ಹೆಸರಿಟ್ಟು ಹಾಸ್ಟೆಲ್ ಹುಡುಗಿಯರಿಗೆ ತರಬೇತಿ ಕೊಡುತ್ತಾರಲ್ಲ, ಒಳ್ಳೆಯ ಹೆಸರೇ. ಅವಳು ಮಾಡಿದ್ದನ್ನು ಒಮ್ಮೆ ನೆನಪಿಸಿಕೊಳ್ಳಿ. ನೀರಿಗೆ ಹೋದವಳು ಕಿಂಡಿಯ ಹತ್ತಿರದ ಸದ್ದಿಗೆ ಕಿವಿಗೊಟ್ಟಳು. ಒಂದು ಸಲಕ್ಕೆ ಒಂದೇ ತಲೆ ತೂರುವ ಜಾಗದಲ್ಲಿ ನಿಂತಳು. ಕೈಯಲ್ಲಿ ದಿನಾ ಎತ್ತಿ ಕುಟ್ಟುವ ಒನಕೆ. ಹೊಸ ಪಟ್ಟು ಏನಾದರೂ ಇತ್ತಾ ಅದರಲ್ಲಿ?

ನನ್ನ ಕ್ಲಾಸಿನಲ್ಲಿ ಈಗ ವಾರಕ್ಕೊಂದು ದಿನ ಬಿಳಿ ಡ್ರೆಸ್ ಇಲ್ಲ. ಚೂಡಿದಾರ, ಚಪ್ಪಲಿ, ಹೆಗಲಿಗೆ ಬ್ಯಾಗು, ಕೈಗೊಂದು ಚೀಲ. ಯಾರಾದರೂ ಬಂದು ದಾರಿ ಕೇಳುತ್ತಾರೆ, ಕೇಳುತ್ತಾ ಹತ್ತಿರ ಬರುತ್ತಾರೆ. ಹುಡುಗಿ ಹಿಂದೆ ಸರಿಯಬೇಕು, ಚೀಲ ಬಿಡಬೇಕು, ಕೂಗಬೇಕು. ಮೊದಲ ತಿಂಗಳು ಯಾರೂ ಚೀಲ ಬಿಡುವುದಿಲ್ಲ. ನೋಡಿದರೆ ನನಗೆ ಬಂಗಡೆ ನೆನಪಾಗುತ್ತದೆ. ಕೂಗು ಕಲಿಸಲು ಟಾಗೋರ್ ಬೀಚಿಗೆ ಕರೆದುಕೊಂಡು ಹೋಗುತ್ತೇನೆ. ನಾನು ಮೂವತ್ತು ಹೆಜ್ಜೆ ಆಚೆ ನಿಲ್ಲುತ್ತೇನೆ. ಅಲೆಯ ಸದ್ದು ಮೀರಿ "ಕೈ ತೆಗಿ!" ನನಗೆ ಕೇಳಬೇಕು. ಸುಮ್ನೆ ಕಾಪಾಡಿ ಅಂದರೆ ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ನೀಲಿ ಅಂಗಿ ಅಣ್ಣಾ, 112ಕ್ಕೆ ಫೋನ್ ಮಾಡಿ" ಅಂದರೆ ನೀಲಿ ಅಂಗಿಯವನು ತಪ್ಪಿಸಿಕೊಳ್ಳುವುದು ಕಷ್ಟ.

ಇದನ್ನು ಕಲಿತ ಹುಡುಗಿಯೊಬ್ಬಳು ಹುಬ್ಬಳ್ಳಿ ಬಸ್ಸಿನಲ್ಲಿ ಪಕ್ಕದವನ ಕೈ ಸೊಂಟದ ಹತ್ತಿರ ಬಂದ ಕೂಡಲೇ ಎದ್ದು ನಿಂತು ಕೂಗಿದಳು. ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರ್ ಸೀಟಿ ಊದಿದ, ಆಸಾಮಿಯನ್ನು ಇಳಿಸಿದ. ಮರುದಿನ ಅವಳು ಫೋನ್ ಮಾಡಿ ಬೇಜಾರಿನಲ್ಲಿ ಹೇಳಿದಳು: "ಅಕ್ಕೋರೇ, ಒಂದು ಒದೆಯನ್ನೂ ಕೊಡಲಿಲ್ಲ."

ಈಗ ನಿಮ್ಮ ಕೆಲಸ. ಈ ಭಾನುವಾರ ಮಗಳ ಎರಡೂ ಕೈಗೆ ಚೀಲ ಕೊಟ್ಟು ಅಂಗಳದಲ್ಲಿ ನಡೆಸಿ. ಮಾತಾಡುತ್ತಾ ಹತ್ತಿರ ಹೋಗಿ ಫಕ್ಕನೆ ಮಣಿಕಟ್ಟು ಹಿಡಿಯಿರಿ. ಏನು ಮಾಡುತ್ತಾಳೆ ನೋಡಿ. ನಕ್ಕರೆ ಅವಳ ಮಾಸ್ತರರ ಹತ್ತಿರ ಹೋಗಿ ಮಾತಾಡಿ. ಇನ್ನೊಂದು, ದೊಡ್ಡವರ ಎದುರು ಒರಟಾಗಿ ಮಾತಾಡಲು ಅವಳಿಗೆ ಒಪ್ಪಿಗೆ ಕೊಡಿ. ಮನೆಗೆ ಬರುವ ನೆಂಟರ ಹತ್ತಿರವೂ. ಇದಕ್ಕೆ ನೀವು ತಯಾರಿಲ್ಲದಿದ್ದರೆ ಬೆಲ್ಟ್ ಯಾವ ಬಣ್ಣದ್ದಾದರೂ ನನಗೆ ನಂಬಿಕೆ ಇಲ್ಲ.

ಪ್ರಶ್ನೆ: ಚಾಕು ಹಿಡಿದವನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು ಹೇಗೆ? (ಭಟ್ಕಳ)

ಪರ್ಸ್ ಎಸೆದು ಓಡಿ. ಚಾಕು ಹಿಡಿದವನು 21 ಅಡಿ ದೂರವನ್ನು ಒಂದೂವರೆ ಸೆಕೆಂಡಿನಲ್ಲಿ ಮುಟ್ಟಬಲ್ಲ ಎಂದು ಡೆನ್ನಿಸ್ ಟುಲ್ಲರ್ ಎಂಬ ಅಮೆರಿಕದ ಪೊಲೀಸ್ ಅಧಿಕಾರಿ 1983ರಲ್ಲಿ ಬರೆದರು. ನಂಬಿಕೆ ಬಾರದಿದ್ದರೆ ಗೆಳೆಯನ ಕೈಗೆ ಕೆಂಪು ಸ್ಕೆಚ್ ಪೆನ್ ಕೊಟ್ಟು, ಬಿಳಿ ಅಂಗಿ ಹಾಕಿಕೊಂಡು ನಿಂತು ನೋಡಿ. ನನ್ನ ಅಂಗಿಯ ಮೇಲೆ ಅರ್ಧ ನಿಮಿಷದಲ್ಲಿ ಏಳು ಗೆರೆ ಬಿದ್ದಿದ್ದವು, ಎರಡು ಕುತ್ತಿಗೆಯ ಹತ್ತಿರ.

ಪ್ರಶ್ನೆ: ಪೆಪ್ಪರ್ ಸ್ಪ್ರೇ ಇಟ್ಟುಕೊಂಡರೆ ಸಾಕಲ್ವಾ? (ಗೋಕರ್ಣ)

ಇಟ್ಟುಕೊಳ್ಳಿ, ಲೈಸೆನ್ಸ್ ಬೇಡ. ಬ್ಯಾಗಿನ ತಳದಲ್ಲಿ ಬಾಚಣಿಗೆಯ ಕೆಳಗಲ್ಲ, ಕೈಗೆ ಸಿಗುವ ಹಾಗೆ. ಅವಧಿ ಮುಗಿದಿದೆಯಾ ನೋಡಿ. ನೀವು ಇರುವುದು ಕಡಲ ದಂಡೆಯಲ್ಲಿ, ಗಾಳಿಗೆ ಎದುರಾಗಿ ಹೊಡೆದರೆ ಕಣ್ಣು ಉರಿಯುವುದು ನಿಮ್ಮದೇ.

ಪ್ರಶ್ನೆ: ನಾವು ತಿರುಗಿ ಹೊಡೆದರೆ ನಮ್ಮ ಮೇಲೇ ಕೇಸ್ ಆಗುತ್ತದಾ? (ಯಲ್ಲಾಪುರ)

ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂ ಓದಿ. ಅಪಾಯ ಇರುವ ತನಕ, ಬೇಕಾದಷ್ಟೇ ಬಲ ಬಳಸುವ ಹಕ್ಕು ನಿಮಗಿದೆ. ಅವನು ಬಿದ್ದು ಸುಮ್ಮನಾದ ಮೇಲೂ ಒದೆಯುತ್ತಾ ನಿಂತರೆ ಆರೋಪಿ ನೀವು. ಹೆಚ್ಚಿನದನ್ನು ವಕೀಲರನ್ನು ಕೇಳಿ.

ಪ್ರಶ್ನೆ: ನನಗೆ 52 ವರ್ಷ, ಅಡಿಕೆ ತೋಟದ ಕೆಲಸ. ಈಗ ಕಲಿಯಲು ಶುರು ಮಾಡಬಹುದಾ? (ಶಿರಸಿ)

ಮಾಡಬಹುದು, ಆದರೆ ಒದೆ ಕಲಿಯಲು ಬರಬೇಡಿ, ಬೀಳಲು ಕಲಿಯಲು ಬನ್ನಿ. ಗದ್ದ ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಕೈಯನ್ನು ನೆಲಕ್ಕೆ ಊರದೆ ಬೀಳುವುದು. ಜೂಡೋದವರು ಇದಕ್ಕೆ ಉಕೆಮಿ ಅನ್ನುತ್ತಾರೆ. ನನ್ನ ಶಿಷ್ಯರು ಕ್ಲಾಸಿನ ಹೊರಗೆ ಅತಿ ಹೆಚ್ಚು ಸಲ ಬಳಸಿದ ವಿದ್ಯೆ ಇದೇ. ಸ್ಕೂಟರಿನಿಂದ ಬಿದ್ದಾಗ, ಬಾವಿಕಟ್ಟೆಯಲ್ಲಿ ಜಾರಿದಾಗ. ಬೆನ್ನು, ಮಂಡಿ ನೋವಿದ್ದರೆ ಮೊದಲು ಡಾಕ್ಟರರನ್ನು ಕೇಳಿ. ಮೇ ತಿಂಗಳ ಒಳಗೇ ಶುರು ಮಾಡಿ. ಮಳೆ ಹಿಡಿದು ನಿಮ್ಮ ಚಿರೆಕಲ್ಲಿನ ಮೆಟ್ಟಿಲಿಗೆ ಹಾವಸೆ ಕಟ್ಟುವುದರೊಳಗೆ ಹಿಂದಕ್ಕೆ ಬೀಳುವುದಾದರೂ ಬಂದಿರುತ್ತದೆ.