ಉಬ್ಬಿಗೊಂದು ದಿಕ್ಕು ಹಿಡಿಯುವ ಕಾರು

ಪ್ರಶ್ನೆ: ಲೋಟಸ್ ಸೆವೆನ್ ಮಾದರಿಯ, ಎರಡು ಸೀಟಿನ ತೆರೆದ ಕಾರೊಂದನ್ನು ಅದನ್ನು ಕಟ್ಟಿದವರಿಂದಲೇ ಕಳೆದ ವರ್ಷ ಕೊಂಡುಕೊಂಡೆ. ಪೈಪುಗಳನ್ನು ಬೆಸೆದು ಮಾಡಿದ ಚಾಸಿ, ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಮತ್ತು ಹಿಂದಿನ ಆಕ್ಸಲ್, ಮುಂದೆ ಪ್ರತಿ ಚಕ್ರಕ್ಕೆ ಮೇಲೊಂದು ಕೆಳಗೊಂದು ವಿಶ್‌ಬೋನ್ (ಚಕ್ರವನ್ನು ಚಾಸಿಗೆ ಸೇರಿಸುವ ಕವಲು ತೋಳು), ಸ್ಟೀರಿಂಗಿನ ತಿರುವನ್ನು ಚಕ್ರಗಳಿಗೆ ಒಯ್ಯಲು ಮಾರುತಿ 800ರ ಸ್ಟೀರಿಂಗ್ ರ್ಯಾಕ್. ವೇಗ ಗಂಟೆಗೆ 60 ಕಿಲೋಮೀಟರ್ ದಾಟಿದರೆ ಕಾರು ನೆಟ್ಟಗೆ ಹೋಗುವುದಿಲ್ಲ, ಸ್ಟೀರಿಂಗನ್ನು ಸದಾ ತಿದ್ದುತ್ತಿರಬೇಕು. ಒಂದು ಬದಿಯ ಚಕ್ರ ಮಾತ್ರ ಉಬ್ಬಿಗೋ ಗುಂಡಿಗೋ ಸಿಕ್ಕಿದರೆ ಕಾರು ಥಟ್ಟನೆ ಪಕ್ಕಕ್ಕೆ ಜಿಗಿಯುತ್ತದೆ. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಹಿಂಭಾಗವೂ ಸ್ವಲ್ಪ ಅಲುಗಿದಂತೆ ಅನ್ನಿಸುತ್ತದೆ. ಹೊಸ ಟೈರು ಹಾಕಿಸಿದ್ದೇನೆ, ಮೂರು ಸಲ ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿದ್ದೇನೆ. ಮೂರು ಸಲವೂ ಎಲ್ಲ ಅಂಕಿಗಳು ಹಸಿರು ಬಣ್ಣದಲ್ಲೇ ಬಂದವು. ನೋಟಕ್ಕೆ ಚೆನ್ನಾಗಿರಲೆಂದು ಮುಂಭಾಗವನ್ನು ಒಂದೂವರೆ ಇಂಚು ತಗ್ಗಿಸಿದ್ದೇನೆ. ರ್ಯಾಕ್ ಬದಲಿಸಬೇಕೇ, ಇಲ್ಲವೇ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದರೆ ಸಾಕೇ?
— ಓದುಗರು, ಮಂಡ್ಯ

ಉತ್ತರ: ಎರಡೂ ಸದ್ಯಕ್ಕೆ ಬೇಡ. ಡ್ಯಾಂಪರ್ ಎಂಬುದು ಸ್ಟೀರಿಂಗಿನ ನಡುಕವನ್ನು ಅಡಗಿಸುತ್ತದೆಯೇ ಹೊರತು ಚಕ್ರ ತಪ್ಪು ದಿಕ್ಕಿಗೆ ತಿರುಗುವುದನ್ನು ತಡೆಯುವುದಿಲ್ಲ. ನಿಮ್ಮ ಪತ್ರದಲ್ಲಿರುವುದು ಒಂದು ರೋಗವಲ್ಲ, ಬಹುಶಃ ಮೂರು. ಅವುಗಳ ಲಕ್ಷಣಗಳನ್ನು ನೀವೇ ಬೇರೆಬೇರೆಯಾಗಿ ಬರೆದಿರುವುದರಿಂದ ಕೆಲಸ ಅರ್ಧ ಹಗುರವಾಗಿದೆ.

ಮೊದಲು ಆ ಹಸಿರು ಬಣ್ಣದ ವಿಚಾರ. ಅಲೈನ್‌ಮೆಂಟ್ ಯಂತ್ರವು ಅಳತೆಯನ್ನು ಸರಿಯಾಗಿಯೇ ಕೊಡುತ್ತದೆ; ಆದರೆ ಅದು ಹಸಿರೋ ಕೆಂಪೋ ಎಂಬ ತೀರ್ಪು ಅಂಗಡಿಯವರು ಪಟ್ಟಿಯಿಂದ ಯಾವ ಕಾರಿನ ಹೆಸರನ್ನು ಆರಿಸಿದರು ಎಂಬುದರ ಮೇಲೆ ನಿಂತಿದೆ. ನಿಮ್ಮ ಕಾರು ಆ ಪಟ್ಟಿಯಲ್ಲಿ ಇರಲು ಸಾಧ್ಯವಿಲ್ಲ. ರ್ಯಾಕ್ ನೋಡಿ 800 ಎಂದು ಒತ್ತಿದ್ದರೆ, ನಿಮಗೆ ಸಿಕ್ಕಿರುವುದು ಬೇರೊಂದು ಕಾರಿಗೆ ಕೊಟ್ಟ ಆರೋಗ್ಯದ ಸರ್ಟಿಫಿಕೇಟು. ಇನ್ನೊಂದು ಸಂಗತಿಯೆಂದರೆ, ಆ ಅಳತೆ ಕಾರು ಖಾಲಿ ನಿಂತಿದ್ದಾಗಿನದು. ನಿಮ್ಮ ತೊಂದರೆ ಕಾಣಿಸುವುದು ಚಕ್ರ ಮೇಲೆ ಕೆಳಗೆ ಆಡುವಾಗ, ಅದನ್ನು ನಿಂತ ಕಾರು ಹೇಳಲಾರದು.

1957ರಲ್ಲಿ ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪನಿ ಹೊರತಂದ ಸೆವೆನ್ ಕಾರಿನ ಜೀವಾಳವೇ ಹಗುರತನ. ಅದರ ತೂಕ ಸುಮಾರು 500 ಕಿಲೋ. ನಿಮ್ಮದು 550 ಕಿಲೋ ಎಂದಿಟ್ಟುಕೊಂಡರೂ 75 ಕಿಲೋ ತೂಕದ ಚಾಲಕ ಕುಳಿತರೆ ಅದು ಕಾರಿನ ತೂಕದ ಏಳನೇ ಒಂದು ಭಾಗಕ್ಕೆ ಹತ್ತಿರವಾಗುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರತಿಯೊಂದು ಅಳತೆಯನ್ನೂ ಚಾಲಕನ ಸೀಟಿನಲ್ಲಿ 25 ಕಿಲೋದ ಮೂರು ಅಕ್ಕಿಮೂಟೆಗಳನ್ನು ಇಟ್ಟು ತೆಗೆದುಕೊಳ್ಳಿ. ಮಂಡ್ಯದಲ್ಲಿ ಅಕ್ಕಿಮೂಟೆಗೆ ಬರವಿಲ್ಲ. ಹಾಗೆಯೇ ಕಬ್ಬಿನ ಲಾರಿ ತೂಗುವ ವೇ ಬ್ರಿಜ್ ಮೇಲೆ ಮೊದಲು ಮುಂದಿನ ಚಕ್ರಗಳನ್ನು ಮಾತ್ರ, ಆಮೇಲೆ ಇಡೀ ಕಾರನ್ನು ನಿಲ್ಲಿಸಿ ತೂಕ ಬರೆದುಕೊಳ್ಳಿ. ಹತ್ತು ಕಿಲೋ ಆಚೀಚೆ ತೋರಿಸಿದರೂ ಮುಂದೆ ಎಷ್ಟು ಹಿಂದೆ ಎಷ್ಟು ಎಂಬ ಅಂದಾಜಿಗೆ ಅಷ್ಟು ಸಾಕು.

ಟೈರಿನ ಗಾಳಿ ನೋಡಿಕೊಳ್ಳಿ. ಬಂಕಿನಲ್ಲಿ ಯಾವ ಕಾರು ಬಂದರೂ 32 ಎಂದು ಹಾಕಿಬಿಡುತ್ತಾರೆ. ಇಷ್ಟು ಹಗುರದ ಕಾರಿಗೆ ತಣ್ಣಗಿರುವಾಗ 20ರ ಆಸುಪಾಸು ಸಾಕಾಗುತ್ತದೆ. 32 ಹಾಕಿದರೆ ಟೈರಿನ ನಡುಭಾಗ ಮಾತ್ರ ರಸ್ತೆಗೆ ತಾಗಿ ಕಾರು ಪುಟಿಯುತ್ತದೆ, ಅಲೆಯುತ್ತದೆ. ಟೈರಿನ ಅಗಲಕ್ಕೂ ಸೀಮೆಸುಣ್ಣದಿಂದ ದಪ್ಪ ಗೆರೆ ಎಳೆದು ನೇರ ರಸ್ತೆಯಲ್ಲಿ ನೂರು ಮೀಟರ್ ನಿಧಾನವಾಗಿ ಓಡಿಸಿ ಇಳಿದು ನೋಡಿ: ಗೆರೆ ನಡುವೆ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಎರಡು ಅಂಚುಗಳಲ್ಲಿ ಮಾತ್ರ ಅಳಿಸಿದ್ದರೆ ಕಡಿಮೆ.

ಆಮೇಲೆ ಸಡಿಲಗಳು. ಕಾರು ನೆಲದ ಮೇಲೇ ಇರಲಿ. ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಸಣ್ಣದಾಗಿ ಆಡಿಸುತ್ತಿರುವಾಗ ನೀವು ರ್ಯಾಕಿನ ಕೊಳವೆಯ ಮೇಲೆ ಬೆರಳಿಟ್ಟು ಗಮನಿಸಿ. ಒಳಗಿನ ಹಲ್ಲುಪಟ್ಟಿ ಮಾತ್ರ ಸರಿಯಬೇಕು. ಹೊರಗಿನ ಕೊಳವೆಯೂ ಅದರೊಂದಿಗೆ ಕೂದಲೆಳೆಯಷ್ಟು ಜರುಗಿದರೆ ಅದನ್ನು ಹಿಡಿದಿರುವ ರಬ್ಬರು ಸೋತಿದೆ, ಇಲ್ಲವೇ ಬ್ರಾಕೆಟ್ಟು ಬಗ್ಗುತ್ತಿದೆ. ಕೈಯಲ್ಲಿ ಕಟ್ಟಿದ ಚಾಸಿಗಳಲ್ಲಿ ತೆಳು ತಗಡಿನ ಬ್ರಾಕೆಟ್ಟುಗಳು ಹೀಗೆ ಮಾಡುವುದನ್ನು ನಾನು ಹಲವು ಸಲ ನೋಡಿದ್ದೇನೆ. ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಸ್ಟೀರಿಂಗ್ ಕಂಬದ ಜಾಯಿಂಟುಗಳನ್ನು ಯಾವ ಮೆಕ್ಯಾನಿಕ್ಕಾದರೂ ಹತ್ತು ನಿಮಿಷದಲ್ಲಿ ನೋಡಿ ಹೇಳುತ್ತಾರೆ.

ಸ್ಟೀರಿಂಗ್ ತಾನಾಗಿ ಮರಳದಿರುವುದಕ್ಕೆ ಮುಖ್ಯ ಸಂಶಯ ಕ್ಯಾಸ್ಟರಿನ ಮೇಲೆ. ಚಕ್ರ ಯಾವ ಗೆರೆಯ ಸುತ್ತ ತಿರುಗುತ್ತದೆಯೋ ಆ ಗೆರೆಯ ಮೇಲ್ತುದಿ ಹಿಂದಕ್ಕೆ ಒರಗಿರುವ ಕೋನವೇ ಕ್ಯಾಸ್ಟರ್. ಕೈಬಿಟ್ಟರೂ ಸೈಕಲ್ ನೇರ ಹೋಗಲು ಅದರ ಮುಂದಿನ ಫೋರ್ಕ್ ಓರೆಯಾಗಿರುವುದೂ ನೆರವಾಗುತ್ತದೆ ಎಂಬುದನ್ನು ನೆನೆದರೆ ಅರ್ಥವಾಗುತ್ತದೆ. ಪವರ್ ಸ್ಟೀರಿಂಗ್ ಇಲ್ಲದ, ಮೂತಿ ಹಗುರವಾದ ಇಂಥ ಕಾರಿಗೆ 5 ಡಿಗ್ರಿಯ ಆಸುಪಾಸು ಇದ್ದರೆ ಹಿತ. ನೀವು ಮುಂಭಾಗವನ್ನು ಮಾತ್ರ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ತಗ್ಗಿಸಿದ್ದೀರಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2250 ಮಿಲಿಮೀಟರ್ ಇದೆಯೆಂದುಕೊಂಡರೆ ಇಡೀ ಕಾರು ಸುಮಾರು ಒಂದು ಡಿಗ್ರಿ ಮೂಗಿನ ಕಡೆಗೆ ಬಾಗಿದೆ, ಅಷ್ಟೇ ಕ್ಯಾಸ್ಟರ್ ಕಳೆದುಹೋಗಿದೆ. ಮೊದಲೇ ಕಡಿಮೆ ಇದ್ದ ಕಾರಿನಲ್ಲಿ ಒಂದು ಡಿಗ್ರಿ ಸಣ್ಣದಲ್ಲ. ನೋಟದ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು ಸ್ಪ್ರಿಂಗನ್ನು ಹಳೆಯ ಎತ್ತರಕ್ಕೆ ತನ್ನಿ, ಆಮೇಲೆ ಕ್ಯಾಸ್ಟರ್ ಅಳೆಸಿ. ಬಣ್ಣ ಕೇಳಬೇಡಿ, ಅಂಕಿ ಕೇಳಿ. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿರಬಾರದು.

ಇನ್ನು ಉಬ್ಬಿಗೆ ಪಕ್ಕಕ್ಕೆ ಜಿಗಿಯುವ ವಿಚಾರ. ಇದೇ ನಿಮ್ಮ ಕಾರಿನ ದೊಡ್ಡ ಕಾಯಿಲೆ ಎಂದು ನನ್ನ ಊಹೆ. ಚಕ್ರ ಮೇಲೇರಿದಾಗ ವಿಶ್‌ಬೋನುಗಳು ಒಂದು ಕಮಾನಿನಲ್ಲಿ ಚಲಿಸುತ್ತವೆ, ರ್ಯಾಕಿನ ತುದಿಯನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ತನ್ನದೇ ಇನ್ನೊಂದು ಕಮಾನಿನಲ್ಲಿ ಚಲಿಸುತ್ತದೆ. ಇವೆರಡೂ ಹೊಂದಿಕೊಂಡರೆ ಚಕ್ರ ದಿಕ್ಕು ಬದಲಿಸದೆ ಏರಿ ಇಳಿಯುತ್ತದೆ. ಹೊಂದದಿದ್ದರೆ ಪ್ರತಿ ಉಬ್ಬಿಗೂ ಟೈ ರಾಡ್ ಚಕ್ರವನ್ನು ಎಳೆಯುತ್ತದೆ ಅಥವಾ ತಳ್ಳುತ್ತದೆ, ನೀವು ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಿದ್ದರೂ ಕಾರು ತಾನಾಗಿ ತಿರುಗುತ್ತದೆ. ಬಂಪ್ ಸ್ಟಿಯರ್ ಎನ್ನುವುದು ಇದನ್ನೇ. ಹೊಂದಬೇಕಾದರೆ ಟೈ ರಾಡಿನ ಒಳ ಜಾಯಿಂಟು ಮೇಲಿನ ಮತ್ತು ಕೆಳಗಿನ ವಿಶ್‌ಬೋನುಗಳ ಒಳ ಬುಷ್‌ಗಳನ್ನು ಸೇರಿಸುವ ಗೆರೆಯ ಮೇಲೆ ಬರಬೇಕು. ಮಾರುತಿ 800ರಲ್ಲಿ ಮುಂದೆ ವಿಶ್‌ಬೋನ್ ಜೋಡಿಯಿಲ್ಲ, ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿರುವ ಸ್ಟ್ರಟ್ ಇದೆ; ಅದರ ರ್ಯಾಕಿನ ಉದ್ದ ಆ ಜೋಡಣೆಗೆ ತಕ್ಕುದು. ಅದನ್ನು ಇದ್ದಂತೆಯೇ ನಿಮ್ಮ ಚಾಸಿಗೆ ಕಟ್ಟಿದರೆ ಹೊಂದುವುದು ಅದೃಷ್ಟವಿದ್ದರೆ ಮಾತ್ರ.

ಅಳೆಯುವುದಕ್ಕೆ ಯಂತ್ರ ಬೇಡ, ಒಂದು ಭಾನುವಾರ ಬೇಕು. ಸಮತಟ್ಟಾದ ಸಿಮೆಂಟು ನೆಲದ ಮೇಲೆ ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಟೀರಿಂಗನ್ನು ನೆಟ್ಟಗೆ ಇರಿಸಿ ಹಗ್ಗದಿಂದ ಕಟ್ಟಿಹಾಕಿ. ಒಂದು ಬದಿಯ ಚಕ್ರವನ್ನೂ ಸ್ಪ್ರಿಂಗನ್ನೂ ಬಿಚ್ಚಿ, ಚಕ್ರದ ಜಾಗದಲ್ಲಿ 350 ಮಿಲಿಮೀಟರ್ ಅಗಲದ ಸೊಟ್ಟವಿಲ್ಲದ ಪ್ಲೈವುಡ್ ಹಲಗೆಯನ್ನು ಚಕ್ರದ ನಟ್ಟುಗಳಿಂದಲೇ ಬಿಗಿಯಿರಿ. ಗಾರೆ ಕೆಲಸದವರು ಬಳಸುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಹಲಗೆಯ ಪಕ್ಕದಲ್ಲಿ ಅಲುಗದಂತೆ ನಿಲ್ಲಿಸಿ. ಕೆಳಗಿನ ವಿಶ್‌ಬೋನಿಗೆ ಜಾಕ್ ಕೊಟ್ಟು, ಕಾರು ರಸ್ತೆಯಲ್ಲಿ ನಿಂತಾಗಿನ ಎತ್ತರದಿಂದ ಹತ್ತು ಹತ್ತು ಮಿಲಿಮೀಟರ್ ಮೇಲಕ್ಕೆ 50ರ ತನಕ, ಆಮೇಲೆ ಹಾಗೆಯೇ ಕೆಳಕ್ಕೆ 40ರ ತನಕ ಆಡಿಸುತ್ತ, ಹಲಗೆಯ ಮುಂದಂಚು ಮತ್ತು ಹಿಂದಂಚುಗಳಿಂದ ಪಟ್ಟಿಗಿರುವ ದೂರವನ್ನು ಉಕ್ಕಿನ ಸ್ಕೇಲಿನಿಂದ ಅಳೆದು ಬರೆಯಿರಿ. ಎರಡೂ ಅಂಕಿಗಳು ಒಟ್ಟಿಗೆ ಹೆಚ್ಚುವುದಾಗಲಿ ಕಡಿಮೆಯಾಗುವುದಾಗಲಿ ಸಹಜ. ಅವೆರಡರ ನಡುವಿನ ವ್ಯತ್ಯಾಸ ಎಷ್ಟು ಬದಲಾಗುತ್ತದೆ ಎಂಬುದಷ್ಟೇ ನಮಗೆ ಬೇಕು. ಈ ಹಲಗೆಯಲ್ಲಿ 6 ಮಿಲಿಮೀಟರ್ ಎಂದರೆ ಒಂದು ಡಿಗ್ರಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿ ಒಂದು ಡಿಗ್ರಿ ತಿರುಗಿದರೆ ಒಂದು ಸೆಕೆಂಡಿನಲ್ಲಿ ಅದು ಸುಮಾರು 39 ಸೆಂಟಿಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಮೇಲೆ ಕೆಳಗೆ 25 ಮಿಲಿಮೀಟರ್ ಆಟದಲ್ಲಿ ವ್ಯತ್ಯಾಸ 1 ಮಿಲಿಮೀಟರಿನ ಒಳಗಿದ್ದರೆ ಚಿಂತೆಯಿಲ್ಲ.

ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಹಾಕಿ. ಗೆರೆ ಓರೆಯಾಗಿ ನೇರವಿದ್ದರೆ, ಅಂದರೆ ಮೇಲೇರಿದಾಗ ಒಂದು ಕಡೆಗೂ ಇಳಿದಾಗ ಇನ್ನೊಂದು ಕಡೆಗೂ ಚಕ್ರ ತಿರುಗಿದರೆ, ರ್ಯಾಕಿನ ಎತ್ತರ ತಪ್ಪಿದೆ. ಅದರ ಬ್ರಾಕೆಟ್ಟಿನ ಕೆಳಗೆ 3 ಮಿಲಿಮೀಟರಿನ ಬಿಲ್ಲೆಗಳನ್ನು ಇಟ್ಟು ಅಥವಾ ತೆಗೆದು ಮತ್ತೆ ಅಳೆಯಬೇಕು. ಗೆರೆ ಬಿಲ್ಲಿನಂತೆ ಬಾಗಿ, ಏರಿದಾಗಲೂ ಇಳಿದಾಗಲೂ ಚಕ್ರ ಒಂದೇ ಕಡೆಗೆ ತಿರುಗಿದರೆ ತಪ್ಪಿರುವುದು ಉದ್ದ. ರ್ಯಾಕ್ ಆಕ್ಸಲಿನ ಮುಂದಿದ್ದು ಟೈ ರಾಡ್ ಗಿಡ್ಡವಾಗಿದ್ದರೆ ಚಕ್ರ ಎರಡು ಸಲವೂ ಒಳಮುಖವಾಗುತ್ತದೆ, ರ್ಯಾಕ್ ಹಿಂದಿದ್ದರೆ ಹೊರಮುಖವಾಗುತ್ತದೆ. ಎತ್ತರವನ್ನು ನೀವೇ ಸರಿಪಡಿಸಬಹುದು. ಉದ್ದದ ತಪ್ಪಿಗೆ ಮಾತ್ರ ಒಳ್ಳೆಯ ಲೇತ್ ಕೆಲಸಗಾರರು ಬೇಕು, ಇಲ್ಲವೇ ಅಳತೆಗೆ ಹೊಂದುವ ಬೇರೆ ರ್ಯಾಕ್ ಹುಡುಕಬೇಕು. ಅಷ್ಟರಮಟ್ಟಿಗೆ ನಿಮ್ಮ ಊಹೆ ಸರಿಯಾಗಬಹುದು. ಟೈ ರಾಡನ್ನಾಗಲಿ ರ್ಯಾಕನ್ನಾಗಲಿ ಕತ್ತರಿಸಿ ವೆಲ್ಡ್ ಮಾಡಿಸಲು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ.

ಹಿಂಭಾಗ ಅಲುಗುವುದಕ್ಕೆ ಆಕ್ಸಲನ್ನು ಹಿಡಿದಿರುವ ತೋಳುಗಳ ಬುಷ್, ಅಡ್ಡ ಸರಳಿನ ಬುಷ್ ನೋಡಿಸಿ. ಒಂದು ಬದಿಯ ಬುಷ್ ಸವೆದಿದ್ದರೆ ಎಳೆತ ಬಿಟ್ಟಾಗ ಆಕ್ಸಲ್ ಓರೆಯಾಗಿ ಹಿಂದಿನಿಂದಲೇ ಕಾರನ್ನು ತಿರುಗಿಸುತ್ತದೆ. ಒಂದೊಂದು ಬದಲಾವಣೆಯ ನಂತರವೂ ಓಡಿಸಿ ನೋಡುವುದು ಬಡಾವಣೆಯ ಖಾಲಿ ರಸ್ತೆಯಲ್ಲಿ, ಬೆಳಿಗ್ಗೆ ಬೇಗ, ಕಡಿಮೆ ವೇಗದಲ್ಲಿ ಇರಲಿ. ಬೆಂಗಳೂರು ಹೆದ್ದಾರಿಯಲ್ಲಿ ಬೇಡ.

ಪ್ರಶ್ನೆ: ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ಕಟ್ಟಿದ ಪೋರ್ಷೆ 550 ಸ್ಪೈಡರ್ ಮಾದರಿಯ ಕಾರು ನಮ್ಮಲ್ಲಿದೆ. ವೇಗ ಹೆಚ್ಚಿದಂತೆ ಮುಂಭಾಗ ತೇಲಿದಂತಾಗುತ್ತದೆ. ಪೆಟ್ರೋಲ್ ಟ್ಯಾಂಕ್ ತುಂಬಿದ್ದಾಗ ಕಡಿಮೆ. ಕಾರಣವೇನು?
— ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ನಿಮ್ಮ ಟ್ಯಾಂಕ್ ಮುಂದಿದೆ, ಎಂಜಿನ್ ಹಿಂದಿದೆ; ಉತ್ತರವನ್ನು ಟ್ಯಾಂಕೇ ಹೇಳುತ್ತಿದೆ. ಬೀಟಲ್‌ನ ಉಕ್ಕಿನ ಮೈ ತೆಗೆದು ಫೈಬರ್ ಮೈ ಕೂರಿಸಿದಾಗ ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿದೆ. ಬಾಲ್ ಜಾಯಿಂಟ್ ಇರುವ ನಂತರದ ಬೀಟಲ್‌ಗಳಲ್ಲಿ ಕ್ಯಾಸ್ಟರ್ ಸುಮಾರು 3 ಡಿಗ್ರಿ 20 ಮಿನಿಟ್ ಇರಬೇಕು. ಹಿಂಭಾಗ ಮುಂಭಾಗಕ್ಕಿಂತ ಎತ್ತರವಾಗಿ ನಿಂತಿದ್ದರೆ ಅಷ್ಟೂ ಉಳಿದಿರುವುದಿಲ್ಲ. ಮೊದಲು ಕಾರನ್ನು ಪಕ್ಕದಿಂದ ನೋಡಿ, ಬಾಗಿಲ ಕೆಳಗಿನ ಅಂಚಿನ ಮೇಲೆ ರಸಮಟ್ಟದ ಕೊಳವೆ ಇಟ್ಟು ಪರೀಕ್ಷಿಸಿ. ಮುಂದಿನ ಸಸ್ಪೆನ್ಷನ್ ಎರಡು ಅಡ್ಡ ಕೊಳವೆಗಳಲ್ಲಿದ್ದು ನಾಲ್ಕು ಬೋಲ್ಟುಗಳಿಂದ ತಳಕ್ಕೆ ಸೇರಿದೆ. ಕೆಳಗಿನ ಎರಡು ಬೋಲ್ಟುಗಳ ಹಿಂದೆ ತೆಳು ಉಕ್ಕಿನ ಬಿಲ್ಲೆಗಳನ್ನು ಕೊಟ್ಟರೆ ಕೆಳಗಿನ ಕೊಳವೆ ಮುಂದಕ್ಕೆ ಬಂದು ಕ್ಯಾಸ್ಟರ್ ಹೆಚ್ಚುತ್ತದೆ. ಬಿಲ್ಲೆಯ ದಪ್ಪಕ್ಕೆ ತಕ್ಕಷ್ಟು ಉದ್ದದ ಬೋಲ್ಟುಗಳನ್ನೇ ಬಳಸಬೇಕು. ಸ್ಟೀರಿಂಗ್ ಬಾಕ್ಸಿನ ಮೇಲಿರುವ ಸ್ಕ್ರೂವನ್ನು ಬಿಗಿದು ಆಟ ಕಡಿಮೆ ಮಾಡುವ ಗೋಜಿಗೆ ಮಾತ್ರ ಈಗಲೇ ಹೋಗಬೇಡಿ. ಅದನ್ನು ಅತಿಯಾಗಿ ಬಿಗಿದರೆ ಸ್ಟೀರಿಂಗ್ ಮರಳದೆ ಕಾರು ಇನ್ನಷ್ಟು ಅಲೆಯುತ್ತದೆ, ಆಮೇಲೆ ಯಾವ ತಪ್ಪು ಎಲ್ಲಿಂದ ಬಂತು ಎಂದು ಬಿಡಿಸುವುದು ಕಷ್ಟವಾಗುತ್ತದೆ.