ಬಿಟ್ಟುಹೋದ ಚಿತ್ರಗಳು ಯಾರವು?

ಪ್ರಶ್ನೆ: ದೇಶ ತೊರೆದ ಕಲಾವಿದನಿಗೆ, ತಾನೇ ಬರೆದ ಚಿತ್ರಗಳೆಂದು ಎಲ್ಲರೂ ಒಪ್ಪಿದರೂ, ಅವು ಮರಳಿ ಸಿಗುವುದು ಏಕೆ ಅಷ್ಟು ಕಷ್ಟ? ರಷ್ಯಾ ಮೂಲದ ಚಿತ್ರಕಾರ ಮಾರ್ಕ್ ಶಗಾಲ್ ಅವರಿಗೆ ಬರ್ಲಿನ್‌ನಲ್ಲಿ ಉಳಿದ ಚಿತ್ರಗಳು ದೊರೆತವೆ?

ಉತ್ತರ: ಕೆಲವು ಮಾತ್ರ ದೊರೆತವು. 1914ರಲ್ಲಿ ಬರ್ಲಿನ್‌ನಲ್ಲಿದ್ದ ಹೆರ್ವಾರ್ಟ್ ವಾಲ್ಡೆನ್ ಅವರ ಡೆರ್ ಷ್ಟುರ್ಮ್ ಗ್ಯಾಲರಿಯ ಪ್ರದರ್ಶನಕ್ಕೆ ಕೊಟ್ಟ ಚಿತ್ರಗಳನ್ನು ಅಲ್ಲಿಯೇ ಬಿಟ್ಟು, ಆಗ ತಾವು ನೆಲೆಸಿದ್ದ ಪ್ಯಾರಿಸ್‌ಗೆ ಬೇಗನೆ ಮರಳುವ ಎಣಿಕೆಯಿಂದ ಶಗಾಲ್ ಹುಟ್ಟೂರು ವಿತೆಬ್ಸ್ಕ್‌ಗೆ ಹೋದರು. ಅಷ್ಟರಲ್ಲಿ ಮಹಾಯುದ್ಧ ಆರಂಭವಾಯಿತು. ಅದರ ಬೆನ್ನಿಗೆ ಕ್ರಾಂತಿಯೂ ನಡೆಯಿತು. 1922ರಲ್ಲಿ ರಷ್ಯಾ ತೊರೆದು ಬರ್ಲಿನ್ ತಲಪುವ ವೇಳೆಗೆ ಚಿತ್ರಗಳು ಮಾರಾಟವಾಗಿದ್ದವು. ಶಗಾಲ್ ಅವರ ಪಾಲಿನ ಹಣವನ್ನು ವಾಲ್ಡೆನ್ ತೆಗೆದಿರಿಸಿದ್ದರೂ ಹಣದುಬ್ಬರದಿಂದಾಗಿ ಅದು ಬೆಲೆ ಕಳೆದುಕೊಂಡಿತ್ತು. ಕೊಂಡವರ ಹೆಸರು ತಿಳಿಸಲು ವಾಲ್ಡೆನ್ ಒಪ್ಪದಿದ್ದಾಗ ಶಗಾಲ್ ನ್ಯಾಯಾಲಯದ ಮೆಟ್ಟಿಲೇರಿದರು. ನನ್ನ ದೃಷ್ಟಿಯಲ್ಲಿ ಅತ್ಯಂತ ಕ್ರೂರವಾದುದು ಈ ಮೌನವೇ; ಚಿತ್ರ ಯಾರ ಮನೆಯಲ್ಲಿದೆ ಎಂದೇ ತಿಳಿಯದವನು ಯಾರನ್ನು ಕೇಳಬೇಕು? ವರ್ಷಗಳ ವ್ಯಾಜ್ಯದ ನಂತರ ರಾಜಿಯಲ್ಲಿ ಕೆಲವೇ ಕೃತಿಗಳು ಕೈಸೇರಿದವು. ಪ್ಯಾರಿಸ್‌ನ ಸ್ಟುಡಿಯೊದಲ್ಲಿ ಉಳಿಸಿದ್ದ ಚಿತ್ರಗಳೂ ಕಾಣೆಯಾಗಿದ್ದರಿಂದ, ಹಳೆಯ ಚಿತ್ರಗಳಲ್ಲಿ ಹಲವನ್ನು ಅವರು ಮತ್ತೆ ಬರೆದರು.

ಇನ್ನು ನಿಮ್ಮ ಮೊದಲ ಪ್ರಶ್ನೆ. ಚಿತ್ರವನ್ನು ರಚಿಸಿದವನ ಹಕ್ಕು ಮತ್ತು ಆ ಕ್ಯಾನ್ವಾಸಿನ ಒಡೆತನ ಕಾನೂನಿನಲ್ಲಿ ಬೇರೆ ಬೇರೆ. ಹಾಗಾಗಿ, ರಚಿಸಿದವನು ತಾನೆಂದು ತೋರಿಸಿದರೆ ಸಾಲದು. ಅದು ತನ್ನ ಒಪ್ಪಿಗೆಯಿಲ್ಲದೆ ಕೈಬದಲಾಯಿತೆಂದು ತೋರಿಸಬೇಕು. ಅವಸರದಲ್ಲಿ ಹೊರಟವನ ಬಳಿ ರಸೀದಿಯಾಗಲಿ ಪತ್ರವಾಗಲಿ ಇರುವುದು ಅಪರೂಪ.

ಇದರ ಮೇಲೆ ದಾವೆ ಹೂಡಲು ಕಾಲಮಿತಿಯೂ ಇದೆ. ನಾಜಿಗಳು ಅಧಿಕಾರಕ್ಕೆ ಬರುವ ಕೆಲವೇ ದಿನ ಮೊದಲು, 1933ರ ಜನವರಿಯಲ್ಲಿ, ಜರ್ಮನ್ ಚಿತ್ರಕಾರ ಜಾರ್ಜ್ ಗ್ರೋಸ್ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದರು. ಕವಿ ಮಾಕ್ಸ್ ಹೆರ್ಮನ್-ನೈಸೆ ಅವರನ್ನು ಕುರಿತು ಗ್ರೋಸ್ ಬರೆದ ಭಾವಚಿತ್ರವನ್ನು ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ 1952ರಲ್ಲಿ ಕೊಂಡಿತು. ತನ್ನಿಂದ ಕದ್ದ ಚಿತ್ರವನ್ನೇ ಪ್ರದರ್ಶನಕ್ಕಿಟ್ಟಿದ್ದಾರೆ, ತಾನು ನಿರುಪಾಯನೆಂದು ಗ್ರೋಸ್ ಮರುವರ್ಷ ಪತ್ರವೊಂದರಲ್ಲಿ ಬರೆದಿದ್ದರು. ಅವರ ವಾರಸುದಾರರು 2009ರಲ್ಲಿ ಹೂಡಿದ ದಾವೆ ತಡವಾಯಿತೆಂಬ ಕಾರಣಕ್ಕೆ ವಜಾಗೊಂಡಿತು. ಚಿತ್ರ ನಿಜಕ್ಕೂ ಯಾರದೆಂಬ ಪ್ರಶ್ನೆಯ ವಿಚಾರಣೆಯೇ ನಡೆಯಲಿಲ್ಲ.

ನಾಜಿ ಕಾಲದಲ್ಲಿ ಕಳೆದುಹೋದ ಕೃತಿಗಳ ಬೇಡಿಕೆಗಳನ್ನು ವಾಸ್ತವಾಂಶಗಳ ಆಧಾರದ ಮೇಲೆ ಇತ್ಯರ್ಥಗೊಳಿಸಬೇಕೆಂದು ಹಲವು ದೇಶಗಳು ಒಪ್ಪಿದ 2009ರ ಟೆರೆಜೀನ್ ಘೋಷಣೆ ಹೇಳುತ್ತದೆಯಾದರೂ, ಅದಕ್ಕೆ ಕಾನೂನಿನ ಬಲವಿಲ್ಲ. ಸಾರ್ವಜನಿಕ ಸಂಗ್ರಹಾಲಯಗಳಾದರೂ ಕಾಲಮಿತಿಯ ನೆಪ ಒಡ್ಡದೆ, ಚಿತ್ರ ತಮ್ಮ ಕೈಗೆ ಹೇಗೆ ಬಂತೆಂಬ ದಾಖಲೆಗಳನ್ನು ಕೇಳಿದವರ ಮುಂದಿಡಬೇಕೆಂದು ನಾನು ದೃಢವಾಗಿ ನಂಬುತ್ತೇನೆ.