ಸರ್ಕಾರ ಇರುವಾಗ ಸಾಂಕ್ರಾಮಿಕ ರೋಗ ತಡೆಯಲು ಸಂಘ-ಸಂಸ್ಥೆಗಳು ಯಾಕೆ ಬೇಕು?

ಔಷಧ, ಕಾನೂನು, ದುಡ್ಡು ಸರ್ಕಾರದ ಕೈಲಿರುತ್ತವೆ. ಜನರ ನಂಬಿಕೆ ಮಾತ್ರ ಆದೇಶ ಹೊರಡಿಸಿದರೆ ಬರಲ್ಲ, ಅಲ್ವಾ?

ಪಶ್ಚಿಮ ಆಫ್ರಿಕಾದ 2014-16ರ ಎಬೋಲಾ ಸಾಂಕ್ರಾಮಿಕ ನೋಡಿ. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಹೆಣವನ್ನು ತೊಳೆದು, ಮುಟ್ಟಿ ಕಳಿಸಿಕೊಡುವ ಪದ್ಧತಿಯಿಂದಲೂ ಸೋಂಕು ಹರಡುತ್ತಿತ್ತು. ಮೈತುಂಬಾ ರಕ್ಷಾ ಉಡುಪು ತೊಟ್ಟವರು ಬಂದು ಸುಮ್ನೆ ಹೆಣ ಒಯ್ದರೆ ಮನೆಯವರು ಒಪ್ಪುತ್ತಾರಾ? ಕೆಲವರು ಗುಟ್ಟಾಗಿ ಹೂತರು. ಆಮೇಲೆ ಇಮಾಮರು, ಪಾದ್ರಿಗಳು, ಊರ ಹಿರಿಯರು, ರೆಡ್‌ಕ್ರಾಸ್ ಸ್ವಯಂಸೇವಕರು ಸೇರಿಕೊಂಡರು. ಹೆಣ ಮುಟ್ಟುವಂತಿಲ್ಲ, ಆದರೆ ಮನೆಯವರು ದೂರ ನಿಂತು ನೋಡಬಹುದು, ಪ್ರಾರ್ಥನೆ ಮಾಡಬಹುದು. ಇಷ್ಟಕ್ಕೇ ವಿರೋಧ ಎಷ್ಟೋ ಇಳಿಯಿತು.

ಗಡಿ ದಾಟಿ ಓಡಾಡುವವರ ಸುಳಿವೂ ಎಷ್ಟೋ ಸಲ ಮೊದಲು ಸಿಗುವುದು ಇಂಥ ಸ್ಥಳೀಯರಿಗೇ. ಹಾಗಂತ ಆಸ್ಪತ್ರೆ, ಲ್ಯಾಬ್‌ಗಳ ಹೊಣೆಯನ್ನೂ ಇವರ ತಲೆಗೆ ಕಟ್ಟಬಾರದು. ಅದು ಸರ್ಕಾರದ್ದೇ ಕೆಲಸ.